ಧಾರವಾಡದ ಎಕರೆ, ಬೆಂಗಳೂರಿನ ಎಕರೆ

ಬೆಂಗಳೂರಿನ ಹಳೆಯ ಟೊಪೊ ಶೀಟ್, ಅಂದರೆ ಸರ್ವೆ ಆಫ್ ಇಂಡಿಯಾದ 57 ಎಚ್/9 ಹಾಳೆ, ಕೈಗೆ ಸಿಕ್ಕರೆ ಒಂದು ಪರೀಕ್ಷೆ ಮಾಡಿ ನೋಡಿ. ಅದರಲ್ಲಿ ಗುರುತಿಸಿರುವ ಯಾವುದಾದರೂ ಗುಡಿಯ ಅಕ್ಷಾಂಶ, ರೇಖಾಂಶಗಳನ್ನು ಪಟ್ಟಿ ಇಟ್ಟು ಓದಿ, ಅವೇ ಅಂಕಿಗಳನ್ನು ಮೊಬೈಲಿನ ನಕ್ಷೆಗೆ ಹಾಕಿ. ಗುರುತು ಗುಡಿಯ ಮೇಲೆ ಕೂರುವುದಿಲ್ಲ. ಆಗ್ನೇಯಕ್ಕೆ ಸುಮಾರು 200 ಮೀಟರ್ ಆಚೆ, ಯಾರದೋ ಕಾಂಪೌಂಡಿನೊಳಗೆ ಬಿದ್ದಿರುತ್ತದೆ. ಪಟ್ಟಿ ಜಾರಿತೇನೋ ಎನ್ನೋಣವೆಂದರೆ, 1:50,000 ಹಾಳೆಯಲ್ಲಿ 200 ಮೀಟರ್ ಎಂದರೆ 4 ಮಿಲಿಮೀಟರ್. ಅಷ್ಟು ದೊಡ್ಡ ಕಣ್ತಪ್ಪು ಆಗುವಂಥದ್ದಲ್ಲ. ಹಾಳೆಯೂ ಸರಿಯೇ, ಮೊಬೈಲೂ ಸರಿಯೇ. ಎರಡೂ ಲೆಕ್ಕಕ್ಕೆ ಹಿಡಿದ ಭೂಮಿ ಬೇರೆ ಬೇರೆ.

ನಿಜವಾದ ಭೂಮಿ ಉಬ್ಬುತಗ್ಗಿನದು, ಸೂತ್ರಕ್ಕೆ ಸಿಗುವುದಿಲ್ಲ. ಹಾಗಾಗಿ ಸರ್ವೆಯವರು ಧ್ರುವಗಳಲ್ಲಿ ಕೊಂಚ ಅದುಮಿದ ನುಣುಪಾದ ಗೋಳವೊಂದನ್ನು ಭೂಮಿಯ ಬದಲಿಗೆ ಇಟ್ಟುಕೊಳ್ಳುತ್ತಾರೆ. ಇದೇ ಎಲಿಪ್ಸಾಯ್ಡ್. ಅದನ್ನು ಎಲ್ಲಿ, ಹೇಗೆ ಕೂರಿಸಿದ್ದಾರೆ ಎಂಬ ಕರಾರಿಗೆ ಡೇಟಮ್ ಎಂದು ಹೆಸರು. ಹಳೆಯ ಹಾಳೆಗಳದು 1830ರ ಎವರೆಸ್ಟ್ ಗೋಳ, ಮಧ್ಯಪ್ರದೇಶದ ಕಲ್ಯಾಣಪುರದಲ್ಲಿ ನೆಲಕ್ಕೆ ಕಟ್ಟಿದ್ದು. ಜಾರ್ಜ್ ಎವರೆಸ್ಟ್ ಭಾರತದ ಉದ್ದಕ್ಕೂ ಅಳೆದು, ಭಾರತಕ್ಕೆ ಒಪ್ಪುವಂತೆ ಕಂಡುಕೊಂಡ ಗೋಳ ಅದು. ಮೈ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ನಮಗೆ ಸರಿಹೊಂದುತ್ತದೆ, ಬೇರೆಯವರಿಗೆ ಹಿಡಿಯುತ್ತದೆ. ಅದರ ನಡುಬಿಂದು ಭೂಮಿಯ ನಡುಬಿಂದುವಿನಿಂದ ಸುಮಾರು 800 ಮೀಟರ್ ಸರಿದಿದೆ. ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್-84 ಹಾಗಲ್ಲ. ಉಪಗ್ರಹಗಳು ಸುತ್ತುವುದು ಭೂಮಿಯ ನಿಜವಾದ ಕೇಂದ್ರವನ್ನು, ಈ ಗೋಳ ಕೂತಿರುವುದೂ ಅಲ್ಲೇ. ಬೆಂಗಳೂರಿನಲ್ಲಿ ಕಂಡ 200 ಮೀಟರ್ ಈ ಎರಡು ಗೋಳಗಳ ನಡುವಿನ ಜಗಳ.

ಹಳಬರನ್ನು ಹಗುರವಾಗಿ ಕಾಣುವಂತಿಲ್ಲ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನಲ್ಲಿ ಒಂದು ಆಧಾರರೇಖೆಯನ್ನು ಸರಪಳಿ ಹಿಡಿದು ಅಳೆದ. ಅಲ್ಲಿಂದ ಬೆಟ್ಟದಿಂದ ಬೆಟ್ಟಕ್ಕೆ ಬರೀ ಕೋನಗಳನ್ನು ಓದುತ್ತ, ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತ ಬೆಂಗಳೂರಿಗೆ ಬಂದ. 1804ರಲ್ಲಿ ಇಲ್ಲಿ ಮತ್ತೊಂದು ರೇಖೆಯನ್ನು ನೆಲದ ಮೇಲೆ ಅಳೆದು ತಾಳೆ ನೋಡಿದಾಗ, ಕೆಲವು ಮೈಲಿ ಉದ್ದದ ರೇಖೆಯಲ್ಲಿ ಬಂದ ವ್ಯತ್ಯಾಸ 4 ಅಂಗುಲಕ್ಕೂ ಕಡಿಮೆ.

ಸ್ಥಾನ ಗೊತ್ತಾಯಿತು. ಇನ್ನು ಅದನ್ನು ಕಾಗದಕ್ಕೆ ಇಳಿಸಬೇಕು. ಅಕ್ಷಾಂಶ ರೇಖಾಂಶಗಳನ್ನೇ ಗ್ರಾಫ್ ಹಾಳೆಯ ಚೌಕಗಳಂತೆ ಬಿಡಿಸಿದರಾಗದೇ? ಆಗದು. ಚಾಮರಾಜನಗರದಲ್ಲಿ ಪೂರ್ವ ಪಶ್ಚಿಮವಾಗಿ ಒಂದು ಡಿಗ್ರಿ ರೇಖಾಂಶ ದಾಟಲು ಸುಮಾರು 109 ಕಿಲೋಮೀಟರ್ ನಡೆಯಬೇಕು, ಬೀದರಿನಲ್ಲಿ 106 ಸಾಕು. ಉತ್ತರಕ್ಕೆ ಹೋದಂತೆ ರೇಖಾಂಶಗಳು ಒತ್ತೊತ್ತಾಗುತ್ತವೆ. ಬಾಗಿದ್ದನ್ನು ಚಪ್ಪಟೆ ಮಾಡುವಾಗ ಎಲ್ಲೋ ಎಳೆಯಲೇಬೇಕು, ಎಲ್ಲೋ ಕುಗ್ಗಿಸಲೇಬೇಕು. ಎಲ್ಲಿ, ಎಷ್ಟು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳುವ ಸೂತ್ರವೇ ಪ್ರೊಜೆಕ್ಷನ್. ಹಳೆಯ ಟೊಪೊ ಶೀಟುಗಳು ಪಾಲಿಕೋನಿಕ್ ಸೂತ್ರದವು. 2005ರ ರಾಷ್ಟ್ರೀಯ ನಕ್ಷೆ ನೀತಿಯ ನಂತರ ಸಾರ್ವಜನಿಕರಿಗೆ ಸಿಗುವ ಹಾಳೆಗಳು ಡಬ್ಲ್ಯುಜಿಎಸ್-84 ಮೇಲಿನ ಯುಟಿಎಂಗೆ ಬದಲಾದವು.

ಯುಟಿಎಂ ಭೂಮಿಯನ್ನು 6 ಡಿಗ್ರಿ ಅಗಲದ 60 ಪಟ್ಟಿಗಳಾಗಿ ಸೀಳುತ್ತದೆ. 72ರಿಂದ 78 ಡಿಗ್ರಿ ಪೂರ್ವದವರೆಗಿನದು 43ನೇ ವಲಯ, ಅದರ ನಡುಗೆರೆ 75 ಡಿಗ್ರಿ. ಈ ಗೆರೆ ಧಾರವಾಡ, ಸಾಗರ, ಕಾರ್ಕಳಗಳ ಪಕ್ಕದಲ್ಲೇ ಹಾಯುತ್ತದೆ. ನಡುಗೆರೆಯ ಮೇಲೆ ಎಲ್ಲ ಉದ್ದವನ್ನೂ ಬೇಕೆಂದೇ 0.9996ರಿಂದ ಗುಣಿಸುತ್ತಾರೆ. ಇಲ್ಲಿ ಸ್ವಲ್ಪ ಕುಗ್ಗಿಸಿಟ್ಟರೆ ಅಂಚಿನಲ್ಲಿ ಹಿಗ್ಗುವುದು ಹದಕ್ಕೆ ಬರುತ್ತದೆ ಎಂಬ ಲೆಕ್ಕಾಚಾರ. ಹಾಗಾಗಿ ಧಾರವಾಡದಲ್ಲಿ 1 ಕಿಲೋಮೀಟರ್‌ಗೆ 40 ಸೆಂಟಿಮೀಟರ್ ಕಡಿಮೆ ಬರುತ್ತದೆ. ನಡುಗೆರೆಯಿಂದ ಎರಡೂವರೆ ಡಿಗ್ರಿಗೂ ದೂರವಿರುವ ಬೆಂಗಳೂರಿನಲ್ಲಿ 58 ಸೆಂಟಿಮೀಟರ್ ಹೆಚ್ಚು. ಇದರ ಮೇಲೆ ಎತ್ತರದ ಲೆಕ್ಕವೂ ಇದೆ. ನಾವಿರುವುದು ಗೋಳದ ಮೈಮೇಲಲ್ಲ, ಅದಕ್ಕಿಂತ ನೂರಾರು ಮೀಟರ್ ಮೇಲೆ. ನೆಲದ ದೂರವನ್ನು ಗೋಳಕ್ಕೆ ಇಳಿಸಿದಾಗ ಕಿಲೋಮೀಟರ್‌ಗೆ ಹತ್ತು ಹದಿಮೂರು ಸೆಂಟಿಮೀಟರ್ ಕರಗುತ್ತದೆ.

ಎಲ್ಲ ಕೂಡಿ ಕಳೆದರೆ, ಯುಟಿಎಂ ಅಂಕಿಗಳಿಂದ ವಿಸ್ತೀರ್ಣ ತೆಗೆದಾಗ ಧಾರವಾಡದ ಒಂದು ಎಕರೆ ಸುಮಾರು 44 ಚದರಡಿ ಕಡಿಮೆ ತೋರುತ್ತದೆ, ಬೆಂಗಳೂರಿನ ಎಕರೆ ಸುಮಾರು 40 ಚದರಡಿ ಹೆಚ್ಚು. ಗುಂಟೆಗೆ 1,089 ಚದರಡಿ, ಅದರಲ್ಲಿ ಹದಿನಾರನೇ ಒಂದು ಪಾಲು ಆಣೆಗೆ 68. ಅಂದರೆ ಒಂದಾಣೆಯೂ ಇಲ್ಲ. ಹೊಲದ ಬದುವಿಗೆ ಇದು ಲೆಕ್ಕಕ್ಕಿಲ್ಲ. ಸುರಂಗ ಕೊರೆಯುವವರಿಗೆ, ಸೇತುವೆಯ ಕಂಬ ನಿಲ್ಲಿಸುವವರಿಗೆ ಮಾತ್ರ ಕಿಲೋಮೀಟರ್‌ಗೆ ಅರ್ಧ ಮೀಟರ್ ಸಣ್ಣ ಮಾತಲ್ಲ. ಸರ್ವೆಯವರ ಟೋಟಲ್ ಸ್ಟೇಷನ್ ಎಂಬ ಅಳತೆಯ ಉಪಕರಣ ತೋರುವುದು ನೆಲದ ದೂರ, ನಕ್ಷೆಯಲ್ಲಿರುವುದು ಯುಟಿಎಂ ದೂರ. ಎರಡನ್ನೂ ತಿದ್ದದೆ ಬೆರೆಸಿದರೆ ತುದಿಗಳು ಕೂಡುವುದಿಲ್ಲ.

ಎತ್ತರದ್ದು ಬೇರೆಯೇ ಕಥೆ. ನಕ್ಷೆಯಲ್ಲಿ ಕಾಣುವ ಎತ್ತರ ಸಮುದ್ರಮಟ್ಟದಿಂದ ಅಳೆದದ್ದು. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಆ ಮಟ್ಟವನ್ನು ಗೊತ್ತುಮಾಡಲು ಒಂಬತ್ತು ಬಂದರುಗಳ ಉಬ್ಬರವಿಳಿತದ ದಾಖಲೆ ಹಿಡಿದರು. ನಮ್ಮ ಕಾರವಾರ ಅವುಗಳಲ್ಲೊಂದು. ಜಿಪಿಎಸ್‌ಗೆ ಸಮುದ್ರ ಗೊತ್ತಿಲ್ಲ, ಅದು ಎಣಿಸುವುದು ಗೋಳದ ಮೈಯಿಂದ. ಹಿಂದೂ ಮಹಾಸಾಗರದಲ್ಲಿ, ಶ್ರೀಲಂಕಾದ ದಕ್ಷಿಣಕ್ಕೆ, ಗುರುತ್ವಾಕರ್ಷಣೆ ಕಡಿಮೆಯಾಗಿ ಸಮುದ್ರಮಟ್ಟ ಗೋಳಕ್ಕಿಂತ ನೂರು ಮೀಟರಿಗೂ ಕೆಳಗೆ ತಗ್ಗಿದೆ. ಆ ಹಳ್ಳದ ಇಳಿಜಾರಿನಲ್ಲೇ ನಮ್ಮ ಕರಾವಳಿಯೂ ಇದೆ. ಹಾಗಾಗಿ ಜಿಪಿಎಸ್ ಉಪಕರಣದ ಕಚ್ಚಾ ಎತ್ತರವನ್ನು ಮಲ್ಪೆಯ ಮರಳಿನಲ್ಲಿ ನಿಂತು ಓದಿದರೆ ಸೊನ್ನೆಗಿಂತ ಎಂಬತ್ತು ಮೀಟರಿಗೂ ಹೆಚ್ಚು ಕೆಳಗೆ ತೋರುತ್ತದೆ. ಗಾಬರಿ ಬೇಡ, ಜಿಯಾಯ್ಡ್ ಎಂಬ ಮಾದರಿಯಿಂದ ತಿದ್ದಿಕೊಳ್ಳಬೇಕು, ಅಷ್ಟೆ.

ಕಲಿಯಲು ಹೊರಟವರಿಗೆ ದುಬಾರಿ ಉಪಕರಣ ಬೇಕಿಲ್ಲ. ಪುಕ್ಕಟೆ ಸಿಗುವ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶ ಸಾಕು. ಅದರಲ್ಲಿ ಡೇಟಮ್, ಪ್ರೊಜೆಕ್ಷನ್ ಎರಡನ್ನೂ ಸೇರಿಸಿ ಒಂದು ಸಂಖ್ಯೆಯಿಂದ ಕರೆಯುತ್ತಾರೆ. ಮೊಬೈಲಿನ ಅಕ್ಷಾಂಶ ರೇಖಾಂಶಕ್ಕೆ 4326, ಯುಟಿಎಂ 43ಕ್ಕೆ 32643, ಪಕ್ಕದ 44ಕ್ಕೆ 32644. ಹೊಸಬರು ಎಡವುವ ಜಾಗ ಒಂದೇ. ಪದರಕ್ಕೆ ಸಂಖ್ಯೆ ಹಚ್ಚುವ ಗುಂಡಿ ಬೇರೆ, ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವ ಗುಂಡಿ ಬೇರೆ. ಮೊದಲನೆಯದು ಅಂಕಿಗಳನ್ನು ಮುಟ್ಟುವುದಿಲ್ಲ, ಇವು ಇಂಥ ಅಳತೆಯವು ಎಂದು ಹಣೆಪಟ್ಟಿ ಅಂಟಿಸುತ್ತದೆ. ಎರಡನೆಯದು ಅಂಕಿಗಳನ್ನೇ ಹೊಸದಾಗಿ ಲೆಕ್ಕ ಹಾಕುತ್ತದೆ. ಹಳೆಯ ಹಾಳೆಗೆ ಮೊದಲು ಕಲ್ಯಾಣಪುರದ ಹಣೆಪಟ್ಟಿ ಹಚ್ಚಿ, ಆಮೇಲೆ ಪರಿವರ್ತಿಸಬೇಕು. ನೇರವಾಗಿ 4326 ಹಚ್ಚಿದಿರೋ, ಗುಡಿ ಮತ್ತೆ ಕಾಂಪೌಂಡಿನೊಳಗೆ.

ಕರ್ನಾಟಕದಲ್ಲಿ ಇನ್ನೊಂದು ಹುಷಾರು ಬೇಕು. ಬೆಂಗಳೂರಿನಿಂದ ಹೊರಟು ಕೋಲಾರ ಪಟ್ಟಣ ಮುಟ್ಟುವ ಮೊದಲೇ 78ನೇ ರೇಖಾಂಶ ದಾಟಿ 44ನೇ ವಲಯ ಹೊಕ್ಕಿರುತ್ತೀರಿ. ನಡುಗೆರೆಗೆ 5,00,000 ಮೀಟರ್ ಎಂದು ಕೊಟ್ಟು ಎಣಿಸುವುದರಿಂದ ಗಡಿಯ ಮೇಲಿನ ಬಾಂದುಕಲ್ಲಿಗೆ 43ರಲ್ಲಿ ಪೂರ್ವದ ಅಂಕಿ ಸುಮಾರು 8,25,000, 44ರಲ್ಲಿ ಸುಮಾರು 1,75,000. ರಾಜ್ಯಕ್ಕೆಲ್ಲ ಒಂದೇ ವಲಯ ಇರಲೆಂದು ಕೋಲಾರವನ್ನೂ 43ರಲ್ಲೇ ಎಣಿಸುವವರಿದ್ದಾರೆ, ಅದು ನಡೆಯುತ್ತದೆ. ಆದರೆ ಶ್ರೀನಿವಾಸಪುರದ ಮಾವಿನ ತೋಪು ಪರದೆಯ ಮೇಲೆ ಬಂಗಾಳಕೊಲ್ಲಿಯ ನಡುನೀರಿನಲ್ಲಿ ತೇಲುತ್ತಿದ್ದರೆ, 43ರ ಅಂಕಿಗೆ 44ರ ಹಣೆಪಟ್ಟಿ ಹಚ್ಚಿದ್ದೀರಿ.