ಗಾಳಿಮಾತು ಕೇಳಿ ಬೈಕ್ ಬಿಚ್ಚಬೇಡಿ!

‘ಬೈಕ್ ಎಳೀತಿಲ್ವಾ ಗುರೂ? ಏರ್ ಫಿಲ್ಟರ್ ಬಾಕ್ಸ್ ಕಿತ್ತು ಬಿಸಾಕು, ಹಾರುತ್ತೆ ನೋಡು!’

ಈ ಸಲಹೆ ಕೇಳದ ಬೈಕ್ ಸವಾರರು ಕಡಿಮೆ. ಎಂಜಿನಿಯರಿಂಗ್ ಓದುವಾಗ ನಾನೂ ಕೇಳಿದ್ದೆ. ನನ್ನ ಹಳೇ ಟೂ ಸ್ಟ್ರೋಕ್ ಬೈಕಿನ ಬಾಕ್ಸ್ ಕಿತ್ತೂ ಬಿಟ್ಟೆ. ಎರಡು ದಿನ ಏನ್ ಸೌಂಡು ಸ್ವಾಮಿ! ಮೂರನೇ ದಿನ ಹೈವೇಯಲ್ಲಿ ಎಂಜಿನ್ ಸೀಜ್ ಆಗಿ ಹಿಂದಿನ ಚಕ್ರ ಗಕ್ಕನೆ ನಿಂತಿತು. ಬೆನ್ನ ಹಿಂದೆ ಲಾರಿ ಇರಲಿಲ್ಲ. ಅದಕ್ಕೇ ಇವತ್ತು ನಿಮ್ಮ ಮುಂದೆ ಕೂತು ಸುದ್ದಿ ಓದ್ತಾ ಇದ್ದೀನಿ.

ಆಗಿದ್ದೇನು? 1 ಕೆ.ಜಿ. ಪೆಟ್ರೋಲ್ ಪೂರ್ತಿ ಸುಡೋಕೆ ಸುಮಾರು 14.7 ಕೆ.ಜಿ. ಗಾಳಿ ಬೇಕು. ಲೀಟರ್ ಲೆಕ್ಕದಲ್ಲಿ ಹೇಳೋದಾದ್ರೆ, 1 ಲೀಟರ್ ಪೆಟ್ರೋಲಿಗೆ ಹತ್ತಿರ ಹತ್ತಿರ 9 ಸಾವಿರ ಲೀಟರ್ ಗಾಳಿ! ಕಂಪನಿಯವರು ಆ ಬಾಕ್ಸಿಗೆ ಹೊಂದುವಂತೆ ಕಾರ್ಬುರೇಟರ್ ಜೆಟ್ಟಿನ ತೂತಿನ ಅಳತೆ ಇಟ್ಟಿರ್ತಾರೆ. ಬಾಕ್ಸ್ ತೆಗೆದರೆ ಗಾಳಿ ಸಲೀಸಾಗಿ ನುಗ್ಗುತ್ತೆ, ಪೆಟ್ರೋಲ್ ಮಾತ್ರ ಆ ಲೆಕ್ಕಕ್ಕೆ ಏರಲ್ಲ. ಎಂಜಿನ್ ವಿಪರೀತ ಕಾಯುತ್ತೆ. ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತೆ. ಜೊತೆಗೆ ಒಳಗೆ ಹೋದ ಧೂಳು ಉಪ್ಪುಕಾಗದದ ಹಾಗೆ ಉಜ್ಜುತ್ತೆ.

ಹಾಗಾದ್ರೆ ಬೈಕ್ ಎಳೀದಿದ್ರೆ ಏನ್ ಮಾಡ್ಬೇಕು? ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ತುದಿ ಕಾಫಿಪುಡಿ ಬಣ್ಣಕ್ಕಿದ್ದರೆ ಸರಿ. ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ. ಫಿಲ್ಟರ್ ಕಟ್ಟಿಕೊಂಡಿರಬಹುದು. ಕಾಗದದ ಫಿಲ್ಟರ್ ಆದ್ರೆ ತೊಳೀಬೇಡಿ, ಬದಲಾಯಿಸಿ. ಸ್ಪಂಜಿನದಾದ್ರೆ ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ಚೂರು ಎಣ್ಣೆ ಹಚ್ಚಿ ಹಿಂಡಿ ಹಾಕಿ.

ಪ್ಲಗ್ ಬೆಳ್ಳಗಾಗಿದ್ದರೆ ಗಾಳಿ ಜಾಸ್ತಿ. ಕಾರ್ಬುರೇಟರಿಗೂ ಎಂಜಿನ್ನಿಗೂ ನಡುವಿನ ರಬ್ಬರ್ ಬಿರುಕು ಬಿಟ್ಟಿದೆಯಾ ನೋಡಿ. ನಿಂತಲ್ಲೇ ಎಂಜಿನ್ ಸದ್ದು ತಾನಾಗಿ ಏರಿಳಿಯುತ್ತಿದ್ದರೆ ಮೊದಲ ಅನುಮಾನ ಅದರ ಮೇಲೇ ಇರಲಿ. ಎಷ್ಟೋ ಸಲ ಆ ಸಣ್ಣ ರಬ್ಬರ್ ಬದಲಿಸಿದರೆ ಬೈಕ್ ಸರಿಹೋಗುತ್ತೆ.

ಇಲ್ಲ, ನಾನು ಮಾಡಿಫೈ ಮಾಡೇ ಮಾಡ್ತೀನಿ ಅಂತೀರಾ? ಆಗ ಫಿಲ್ಟರ್ ಜೊತೆಗೆ ಜೆಟ್ಟೂ ಬದಲಾಗಬೇಕು. ಒಂದೊಂದೇ ಸೈಜ್ ಏರಿಸಿ, ಪ್ರತಿ ಸಲ ಪ್ಲಗ್ ಬಣ್ಣ ನೋಡಬೇಕು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ಬೈಕುಗಳಲ್ಲಿ ಬಹುತೇಕ ಫ್ಯೂಯಲ್ ಇಂಜೆಕ್ಷನ್ನೇ. ಅಲ್ಲಿ ಪೆಟ್ರೋಲ್ ಎಷ್ಟು ಅನ್ನೋದನ್ನ ಕಂಪ್ಯೂಟರ್ ತೀರ್ಮಾನಿಸುತ್ತೆ. ಅದು ಒಂದು ಮಿತಿಯವರೆಗೆ ಸರಿದೂಗಿಸುತ್ತೆ, ಅದರಾಚೆಗೆ ಅದರ ಲೆಕ್ಕವೂ ತಪ್ಪುತ್ತೆ.

ಅಪ್ಪ ಅಮ್ಮ ಕಂತು ಕಟ್ಟಿ ಕೊಡಿಸಿದ ಬೈಕದು. ಮೊದಲು ಪ್ಲಗ್ ನೋಡಿ, ಆಮೇಲೆ ಸ್ಪ್ಯಾನರ್ ಹಿಡೀರಿ. ಗಾಳಿಮಾತು ನಂಬಿದರೆ ಕೆಡೋದು ಎಂಜಿನ್ ಒಂದೇ ಅಲ್ಲ.