ಈಳಿಗೆಮಣೆಯಿಂದ ಹಿತ್ತಿಲಿಗೆ: ಸಿಹಿಗುಂಬಳದ ನಾಟಿ ಬೀಜ ಉಳಿಸೋಣ



ಮದುವೆ, ಉಪನಯನ, ಗೃಹಪ್ರವೇಶ ಯಾವುದೇ ಇರಲಿ, ನಮ್ಮ ಎಲೆ ಊಟದಲ್ಲಿ ಸಿಹಿಗುಂಬಳಕ್ಕೆ ಒಂದು ಜಾಗ ಇದ್ದೇ ಇದೆ. ಹುಳಿ, ಕೂಟು, ಪಲ್ಯ, ಸಾಸಿವೆ, ಸಿಪ್ಪೆಯ ಚಟ್ನಿ, ಉತ್ತರ ಕರ್ನಾಟಕದವರ ಗಾರಿಗೆ, ಹೀಗೆ ಅದರ ಉಪಯೋಗ ಹತ್ತಾರು. ಮಲೆನಾಡಿನ ಚೀನಿಕಾಯಿ, ತುಳುವರ ಕೆಂಬುಡೆ, ಮುಂಬಯಿ-ಪುಣೆಯ ಲಾಲ್ ಭೋಪಳಾ, ಚೆನ್ನೈಯ ಪರಂಗಿಕ್ಕಾಯಿ, ಹೈದರಾಬಾದಿನ ಗುಮ್ಮಡಿಕಾಯ, ಎಲ್ಲವೂ ಇದೇ. ದೆಹಲಿಯ ಮಂಡಿಯಲ್ಲಿ ಸೀತಾಫಲ್ ಎಂದರೂ ಇದನ್ನೇ ತೂಗಿ ಕೊಡುತ್ತಾರೆ.

ಆದರೆ ಒಂದೇ ಅಂಗಡಿಯಿಂದ ತಂದ ಐದು ಕಾಯಿಗಳು ಐದು ಬಗೆಯಾಗಿರುವುದು ನಮಗೆಲ್ಲ ಗೊತ್ತು. ಒಂದರ ಹೋಳು ಹುಳಿಯಲ್ಲಿ ಕೊನೆಯ ಪಂಕ್ತಿಯವರೆಗೂ ನಿಲ್ಲುತ್ತದೆ. ಇನ್ನೊಂದು ನೀರಾಗಿ ಕರಗಿ ಸಾರಿನ ರೂಪ ತಾಳುತ್ತದೆ. ಎಳೆಯದೋ ಬಲಿತದ್ದೋ ಎಂಬುದು ಅರ್ಧ ಕಾರಣವಾದರೆ, ಉಳಿದರ್ಧ ತಳಿಯ ಗುಣ.

ಸಿಹಿಗುಂಬಳ ಅಮೆರಿಕ ಖಂಡದ ಮೂಲದ್ದು. 1492ರ ಕೊಲಂಬಸನ ಯಾನದ ನಂತರವೇ ಅದು ಸಮುದ್ರ ದಾಟಿದ್ದು. ಆಮೇಲೆ ನಮ್ಮ ಹಿತ್ತಿಲುಗಳಲ್ಲಿ ಅದನ್ನು ನಾಟಿ ತಳಿ ಮಾಡಿದವರು ಅಡುಗೆಮನೆಯ ಹೆಂಗಸರು. ರುಚಿಯಾದ ಕಾಯಿಯ ಬೀಜವನ್ನಷ್ಟೇ ತೊಳೆದು, ಬೂದಿ ಹಚ್ಚಿ ಎತ್ತಿಟ್ಟರು. ಇಂದು ಅವರಿಗಿಂತ ಎಷ್ಟೋ ಪಾಲು ಹೆಚ್ಚು ಕಾಯಿಗಳನ್ನು ಒಡೆದು ನೋಡುವವರು ನಾವು. ಬೀಜ ಆರಿಸಲು ನಮಗಿಂತ ಅನುಕೂಲ ಯಾರಿಗಿದೆ? ಆದರೂ ನಮ್ಮ ಅಡುಗೆಮನೆಗಳಲ್ಲಿ ಬೀಜ ಹೋಗುವುದು ಕಸದ ಬುಟ್ಟಿಗೆ.

ಆಯ್ಕೆ ಹೀಗಿರಲಿ

ಗಾತ್ರಕ್ಕಿಂತ ತೂಕ ಹೆಚ್ಚೆನಿಸುವ, ತಿರುಳು ದಪ್ಪಗೆ ಕಡು ಕೇಸರಿಯಾಗಿರುವ, ಒಳಗಿನ ಪೊಳ್ಳು ಚಿಕ್ಕದಾಗಿರುವ ಕಾಯಿ ಕಂಡರೆ ಅದರ ಬೀಜವನ್ನು ಬೇರೆ ಬಟ್ಟಲಲ್ಲಿಡಿ. ಒಂದು ಹೋಳನ್ನು ಉಪ್ಪಿಲ್ಲದೆ ಆವಿಯಲ್ಲಿ ಬೇಯಿಸಿ ರುಚಿ ನೋಡಿ. ಸಿಹಿಯಾಗಿ, ಮುರಿಯದೆ ಇದ್ದರೆ ಬೀಜ ಉಳಿಸಿ. ಪೇಟೆಯ ಕಾಯಿ ಹೈಬ್ರಿಡ್ ಅಥವಾ ಬೆರಕೆ ಇರಬಹುದಾದ್ದರಿಂದ ಮೊದಲ ವರ್ಷವನ್ನು ಪರೀಕ್ಷೆಯೆಂದೇ ತಿಳಿಯಿರಿ. ಊರಿನಿಂದ ನಾಟಿ ಬೀಜ ತರಿಸುವುದು ಇನ್ನೂ ಒಳ್ಳೆಯದು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ಚಂದನ್’ ಹೈಬ್ರಿಡ್ ಅಲ್ಲ. 2ರಿಂದ 3 ಕಿಲೋ ತೂಗುವ ಅದರ ಬೀಜವನ್ನೂ ಉಳಿಸಿಕೊಳ್ಳಬಹುದು.

ಬಿತ್ತನೆ

ಮುಂಬಯಿ, ಪುಣೆ, ಹೈದರಾಬಾದಿನವರಿಗೆ ಮುಂಗಾರಿನ ಆರಂಭ ಸರಿಯಾದ ಕಾಲ. ಚೆನ್ನೈಯವರು ಜನವರಿಯಲ್ಲೂ ಬಿತ್ತಬಹುದು. ದೆಹಲಿಯ ಚಳಿಯಲ್ಲಿ ಬೀಜ ಮೊಳೆಯದು. ಅಲ್ಲಿಯವರು ಫೆಬ್ರವರಿ ಕೊನೆಯಿಂದ ಮಾರ್ಚ್, ಇಲ್ಲವೇ ಜೂನ್-ಜುಲೈ ಆರಿಸಿಕೊಳ್ಳಲಿ. ಬೀಜವನ್ನು ಒಂದು ಇಂಚು ಆಳಕ್ಕೆ ಊರಿದರೆ ಸುಮಾರು ಒಂದು ವಾರದಲ್ಲಿ ಮೊಳಕೆ ಕಾಣುತ್ತದೆ. ಟೆರೇಸಿನಲ್ಲಿ ಬೆಳೆಯುವವರಿಗೆ ನಮ್ಮ 15 ಕಿಲೋ ಎಣ್ಣೆ ಡಬ್ಬಿ ಸಾಲದು. ತಳದಲ್ಲಿ ತೂತು ಮಾಡಿದ ಅರ್ಧ ಡ್ರಮ್ಮು ಬೇಕು, ಒಂದಕ್ಕೆ ಒಂದೇ ಬಳ್ಳಿ. ತರಕಾರಿ ಸಿಪ್ಪೆಯ ಗೊಬ್ಬರಕ್ಕಂತೂ ನಮ್ಮಲ್ಲಿ ಬರವಿಲ್ಲ. ಚೆನ್ನಾಗಿ ಕೊಳೆತ ಮೇಲೆ ಹಾಕಿ.

ಹೂವಿನ ಕೆಲಸ

ಮೊದಲು ಬರುವುದು ಬರೀ ಗಂಡು ಹೂ. ಕಾಯಿ ಕಚ್ಚಲಿಲ್ಲವೆಂದು ಗಾಬರಿ ಬೇಡ. ಬುಡದಲ್ಲಿ ಪುಟ್ಟ ಕಾಯಿಯಿರುವುದು ಹೆಣ್ಣು ಹೂ. ಶುದ್ಧ ಬೀಜ ಬೇಕಾದರೆ, ಮರುದಿನ ಅರಳಲಿರುವ ಒಂದು ಹೆಣ್ಣು ಹೂ ಮತ್ತು ಎರಡು ಗಂಡು ಹೂಗಳ ತುದಿಯನ್ನು ಸಂಜೆಯೇ ದಾರದಿಂದ ಕಟ್ಟಿ. ಬೆಳಗ್ಗೆ ಬಿಸಿಲೇರುವ ಮೊದಲು ಬಿಚ್ಚಿ, ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿನ ಒಳಗೆ ಸವರಿ, ಮತ್ತೆ ಕಟ್ಟಿ, ತೊಟ್ಟಿಗೆ ಗುರುತಿನ ದಾರ ಹಾಕಿ. ಹಾಗೆ ಮಾಡದಿದ್ದರೆ ಜೇನುನೊಣ ಪಕ್ಕದ ಮನೆಯ ಸಿಹಿಗುಂಬಳದ ಪರಾಗವನ್ನೂ ತಂದೀತು. ಈ ವರ್ಷದ ಕಾಯಿಗೆ ತೊಂದರೆಯಿಲ್ಲ. ಅದರ ಬೀಜದಿಂದ ಮುಂದೆ ಬರುವ ಕಾಯಿ ಬೇರೆಯಾಗುತ್ತದೆ. ಬೂದುಗುಂಬಳ, ಸೋರೆ, ಸೌತೆ ಹತ್ತಿರವಿದ್ದರೆ ಚಿಂತೆಯಿಲ್ಲ, ಅವು ಇದರೊಡನೆ ಬೆರೆಯವು. ಕಾಯಿ ಕಚ್ಚಿದ ಮೇಲೆ ಹಣ್ಣುನೊಣ ಮುಟ್ಟದಂತೆ ಹಳೆಯ ಬಟ್ಟೆಯ ಚೀಲ ಕಟ್ಟಿ.

ಬೀಜ ತೆಗೆಯುವುದು

ತೊಟ್ಟು ಒಣಗಿ, ಸಿಪ್ಪೆಗೆ ಉಗುರು ಇಳಿಯದಷ್ಟು ಗಟ್ಟಿಯಾದಾಗ ತೊಟ್ಟಿನ ಸಮೇತ ಕೊಯ್ಯಿರಿ. ಬೀಜದ ಕಾಯಿಯನ್ನು ಇನ್ನೂ ಮೂರು ವಾರ ಗಾಳಿಯಾಡುವ ನೆರಳಲ್ಲಿಟ್ಟು ಒಡೆದರೆ ಬೀಜ ತುಂಬಿಕೊಂಡಿರುತ್ತದೆ. ತೊಳೆದು, ಜೊಳ್ಳು ತೆಗೆದು, ನೆರಳಲ್ಲಿ ಒಣಗಿಸಿ. ಮಡಿಸಿದರೆ ಬಾಗದೆ ಪಟ್ಟನೆ ಮುರಿಯುವಷ್ಟು ಒಣಗಬೇಕು. ತೇವ ತಾಗದಂತಿಟ್ಟರೆ ನಾಲ್ಕು ವರ್ಷ ಮೊಳೆಯುವ ಶಕ್ತಿ ಉಳಿಯುತ್ತದೆ. ತಿರುಳಂತೂ ಪಲ್ಯಕ್ಕೆ ಸಿದ್ಧ!

ಹಿತ್ತಿಲ ಒಂದು ಬಳ್ಳಿ ಸಾವಿರ ಎಲೆಯ ಮದುವೆಗೆ ಸಾಲದು, ನಿಜ. ಆದರೆ ಒಂದು ಕಾಯಿಯಲ್ಲಿ ನೂರಾರು ಬೀಜ. ನಮಗೆ ತರಕಾರಿ ಒದಗಿಸುವ ರೈತನ ಕೈಗೆ ಅದನ್ನು ಕೊಟ್ಟು, “ಇದನ್ನು ಬೆಳೆದು ಕೊಡಿ, ನಾವೇ ಕೊಳ್ಳುತ್ತೇವೆ” ಎಂದು ಹೇಳಬಲ್ಲವರು ನಾವೇ. ಕೊಳ್ಳುವವನು ಕೇಳದಿದ್ದರೆ ನಾಟಿ ತಳಿಯನ್ನು ಬೆಳೆಯುವವನು ಯಾಕೆ ಬೆಳೆದಾನು? ಬೀಜದ ಪೊಟ್ಟಣದ ಮೇಲೆ ಊರು, ವರ್ಷ, ಯಾವ ಅಡುಗೆಗೆ ಒಪ್ಪಿತು ಎಂಬುದನ್ನು ಬರೆದಿಡಿ. ಮುಂದಿನ ವಾರ್ಷಿಕ ಸಭೆಗೆ ಬರುವಾಗ ಒಂದು ಹಿಡಿ ಬೀಜ ಜೇಬಿನಲ್ಲಿರಲಿ.