ಯೆಹೆಜ್ಕೇಲನ ದೇವಾಲಯವೂ ಕ್ರೈಸ್ತ ವ್ಯಾಖ್ಯಾನಕಾರರ ಮತಭೇದಗಳೂ

ಯೆಹೂದ್ಯರ ದೇವಾಲಯವು ಯೆರೂಸಲೇಮ್ ಪಟ್ಟಣದಲ್ಲಿ ಎರಡು ಬಾರಿ ಕಟ್ಟಲ್ಪಟ್ಟು ಎರಡು ಬಾರಿಯೂ ನಾಶವಾಯಿತು. ಸೊಲೊಮೋನನು ಕಟ್ಟಿಸಿದ ಮೊದಲನೆಯ ಆಲಯವನ್ನು ಬಾಬೆಲಿನ ಅರಸನಾದ ನೆಬೂಕದ್ನೆಚ್ಚರನ ಸೈನ್ಯವು ಕ್ರಿ. ಪೂ. ೫೮೬ರಲ್ಲಿ ಸುಟ್ಟಿತು. ಸೆರೆಯಿಂದ ಮರಳಿದವರು ಕ್ರಿ. ಪೂ. ೫೧೫ರಲ್ಲಿ ಮುಗಿಸಿ, ಮುಂದೆ ಹೆರೋದನು ವಿಸ್ತರಿಸಿದ ಎರಡನೆಯ ಆಲಯವನ್ನು ರೋಮಿನ ದಂಡನಾಯಕನಾದ ತೀತನು ಕ್ರಿ. ಶ. ೭೦ರಲ್ಲಿ ಹಾಳುಮಾಡಿದನು. ಮೂರನೆಯದೊಂದು ಆಲಯವು ಭೂಮಿಯ ಮೇಲೆ ಎಂದೂ ಎದ್ದಿಲ್ಲ. ಆದರೆ ಗ್ರಂಥದಲ್ಲಿ ಅದು ಮೊಳ ಗೇಣುಗಳ ಅಳತೆಯೊಡನೆ ನಿಂತಿದೆ. ಯೆಹೆಜ್ಕೇಲನೆಂಬ ಪ್ರವಾದಿಯ ಗ್ರಂಥದಲ್ಲಿ ೪೦ನೆಯ ಅಧ್ಯಾಯದಿಂದ ೪೮ರವರೆಗೆ ವರ್ಣಿತವಾಗಿರುವ ಈ ಆಲಯವು ಯಾವುದು, ಎಲ್ಲಿಯದು, ಎಂದಿನದು ಎಂಬ ವಿಷಯದಲ್ಲಿ ಕ್ರೈಸ್ತ ಪಂಡಿತರೊಳಗೆ ಹುಟ್ಟಿರುವ ವಿವಾದವು ಶಬ್ದಾರ್ಥವಿಚಾರದಲ್ಲಿ ಆಸಕ್ತಿಯುಳ್ಳವರೆಲ್ಲರೂ ಪರಿಶೀಲಿಸತಕ್ಕದ್ದಾಗಿದೆ. ಮುಖ್ಯಾರ್ಥವನ್ನು ಯಾವಾಗ ಬಿಡಬೇಕು, ಬಿಡುವುದಕ್ಕೆ ಪ್ರಮಾಣವೇನು ಎಂದು ನಮ್ಮ ಆಲಂಕಾರಿಕರೂ ಮೀಮಾಂಸಕರೂ ಕೇಳಿದ ಪ್ರಶ್ನೆಯೇ ಇಲ್ಲಿ ಬೇರೊಂದು ವೇಷದಲ್ಲಿ ಬಂದಿದೆ.

ಮೊದಲು ಮೂಲದ ಸ್ವರೂಪವನ್ನು ನೋಡೋಣ. ತಾನು ಸೆರೆಹೋದ ಇಪ್ಪತ್ತೈದನೆಯ ವರ್ಷ, ಪಟ್ಟಣವು ಬಿದ್ದ ಹದಿನಾಲ್ಕನೆಯ ವರ್ಷ, ಎಂದರೆ ಕ್ರಿ. ಪೂ. ೫೭೩ರ ಸುಮಾರಿಗೆ, ಪ್ರವಾದಿಯು ದರ್ಶನದಲ್ಲಿ ಇಸ್ರಾಯೇಲ್ ದೇಶದ ಒಂದು ಎತ್ತರವಾದ ಬೆಟ್ಟಕ್ಕೆ ಒಯ್ಯಲ್ಪಡುತ್ತಾನೆ. ಅಲ್ಲಿ ತಾಮ್ರದ ಹೊಳಪಿನ ಒಬ್ಬ ಪುರುಷನು ನಾರಿನ ಹುರಿಯನ್ನೂ ಅಳತೆಯ ಕೋಲನ್ನೂ ಹಿಡಿದು ನಿಂತಿದ್ದಾನೆ. ಕೋಲು ಆರು ಮೊಳ. ಆ ಮೊಳವಾದರೋ ಸಾಮಾನ್ಯ ಮೊಳಕ್ಕಿಂತ ಒಂದು ಅಂಗೈಯಷ್ಟು ಹೆಚ್ಚು. ಗೋಡೆ, ಬಾಗಿಲು, ಹೊಸ್ತಿಲು, ಕೊಠಡಿ, ಮೆಟ್ಟಿಲು, ಯಜ್ಞವೇದಿ ಎಲ್ಲವನ್ನೂ ಅವನು ಅಳೆದು ತೋರಿಸುತ್ತಾನೆ. ಶಿಲ್ಪಶಾಸ್ತ್ರದ ಗ್ರಂಥವೊಂದನ್ನು ಓದುವಂತೆ ಓದುಗನಿಗೆ ತೋರುತ್ತದೆ. ಪಟ್ಟಣದ ಪಾಪವನ್ನು ಕಂಡು ಹಿಂದೆ ಆಲಯವನ್ನು ಬಿಟ್ಟುಹೋಗಿದ್ದ ದೈವತೇಜಸ್ಸು ಪೂರ್ವದಿಕ್ಕಿನಿಂದ ಮರಳಿ ಬಂದು ಒಳಗೆ ತುಂಬುತ್ತದೆ. ಅದು ಪ್ರವೇಶಿಸಿದ ಮೂಡಲ ಬಾಗಿಲು ಮುಚ್ಚಲ್ಪಡುತ್ತದೆ. ಕಡೆಯಲ್ಲಿ ಹೊಸ್ತಿಲ ಕೆಳಗಿನಿಂದ ನೀರು ಹೊರಟು, ಸಾವಿರ ಮೊಳ ನಡೆದರೆ ಹರಡಿನಷ್ಟು, ಇನ್ನೊಂದು ಸಾವಿರಕ್ಕೆ ಮೊಣಕಾಲಿನಷ್ಟು, ಮತ್ತೊಂದಕ್ಕೆ ಸೊಂಟದಷ್ಟು, ನಾಲ್ಕನೆಯದಕ್ಕೆ ದಾಟಲಾರದ ಹೊಳೆಯಾಗಿ ಲವಣಸಮುದ್ರವನ್ನು ಸೇರಿ ಅದನ್ನು ಸಿಹಿಯಾಗಿಸುತ್ತದೆ. ಏಂಗೆದಿಯ ದಡದಲ್ಲಿ ಬೆಸ್ತರು ಬಲೆ ಹರಡುವರಂತೆ. ಆದರೂ ಜೌಗುಭೂಮಿಗಳು ಮಾತ್ರ ಉಪ್ಪಿಗಾಗಿ ಹಾಗೆಯೇ ಉಳಿಯುವುವು ಎಂದು ಪ್ರವಾದಿಯು ಸೇರಿಸಲು ಮರೆಯುವುದಿಲ್ಲ. ಕೇವಲ ಕಲ್ಪನಾವಿಲಾಸದಲ್ಲಿ ತೊಡಗಿದ ಕವಿಗೆ ಉಪ್ಪಿನ ನೆನಪು ಬರುವುದು ಅಪೂರ್ವ.

ಈ ವಿಧಿಗಳು ಮೋಶೆಯ ಧರ್ಮಶಾಸ್ತ್ರದೊಡನೆ ಹಲವೆಡೆ ಹೊಂದುವುದಿಲ್ಲ. ಅಲ್ಲಿ ಪ್ರಾತಃಕಾಲ ಸಾಯಂಕಾಲಗಳೆರಡರಲ್ಲಿಯೂ ನಿತ್ಯಬಲಿಯಿದ್ದರೆ ಇಲ್ಲಿ ಪ್ರಾತಃಕಾಲದ್ದನ್ನು ಮಾತ್ರ ಹೇಳಿದೆ. ಮಹಾಯಾಜಕನ ಪ್ರಸ್ತಾಪವಿಲ್ಲ, ಒಡಂಬಡಿಕೆಯ ಮಂಜೂಷವಿಲ್ಲ, ದೀಪಸ್ತಂಭವಿಲ್ಲ. ಯೆಹೂದ್ಯ ಆಚಾರ್ಯರಿಗೂ ಈ ವಿರೋಧವು ತೊಡಕಾಗಿತ್ತು. ಹನನ್ಯನೆಂಬ ಆಚಾರ್ಯನು ಮುನ್ನೂರು ಕೊಡ ಎಣ್ಣೆಯನ್ನು ಮಾಳಿಗೆಗೆ ತರಿಸಿಕೊಂಡು, ದೀಪವನ್ನುರಿಸಿ ಕುಳಿತು, ಈ ವಿರೋಧಗಳನ್ನೆಲ್ಲ ಪರಿಹರಿಸಿದನೆಂದೂ ಇಲ್ಲವಾದರೆ ಈ ಗ್ರಂಥವು ಬಳಕೆಯಿಂದ ತೆಗೆಯಲ್ಪಡುತ್ತಿತ್ತೆಂದೂ ತಲ್ಮೂದಿನಲ್ಲಿ ಕಥೆಯಿದೆ. ಏಕವಾಕ್ಯತೆಯನ್ನು ಸಾಧಿಸಲು ಎಷ್ಟು ಎಣ್ಣೆ ಬೇಕೆಂಬುದನ್ನು ನಮ್ಮ ವ್ಯಾಖ್ಯಾನಕಾರರೂ ಬಲ್ಲರು.

ಎರಡನೆಯ ಆಲಯವನ್ನು ಕಟ್ಟಿದವರು ಈ ಅಳತೆಗಳನ್ನು ಅನುಸರಿಸಲಿಲ್ಲ. ಹೊಳೆಯೂ ಹರಿಯಲಿಲ್ಲ. ಆದಕಾರಣ ಭವಿಷ್ಯವಾಣಿಯು ಸುಳ್ಳಾಯಿತೇ, ಇನ್ನೂ ಬರಬೇಕಾಗಿದೆಯೇ, ಅಥವಾ ಬೇರೊಂದು ಬಗೆಯಲ್ಲಿ ನೆರವೇರಿತೇ ಎಂಬ ಮೂರು ದಾರಿಗಳು ತೆರೆದವು. ಜನರು ತಮ್ಮ ಕೃತ್ಯಗಳಿಗಾಗಿ ನಾಚಿಕೊಂಡರೆ ಈ ನಕ್ಷೆಯನ್ನು ಅವರಿಗೆ ತಿಳಿಸಬೇಕೆಂದು ೪೩ನೆಯ ಅಧ್ಯಾಯದಲ್ಲಿರುವುದರಿಂದ, ಇದು ಅಧಿಕಾರಿಯ ಅರ್ಹತೆಯನ್ನು ಅಪೇಕ್ಷಿಸುವ ವಿಧಿಯೇ ಹೊರತು ಭವಿಷ್ಯಕಥನವಲ್ಲವೆಂದು ಹೇಳುವವರೂ ಉಂಟು. ಈ ಪಕ್ಷಕ್ಕೆ ಸಿಗಬೇಕಾದಷ್ಟು ಗೌರವವು ಸಿಕ್ಕಿಲ್ಲವೆಂದು ನನಗೆ ತೋರುತ್ತದೆ.

ಕ್ರೈಸ್ತರಿಗೆ ಈ ಪ್ರಶ್ನೆಯು ಇನ್ನಷ್ಟು ಜಟಿಲವಾದುದಕ್ಕೆ ಕಾರಣ ಸುವಾರ್ತೆಗಳಲ್ಲಿಯೇ ಇದೆ. ಆಲಯದ ಕಲ್ಲಿನ ಮೇಲೆ ಕಲ್ಲು ಉಳಿಯದೆಂದು ಯೇಸುವು ಹೇಳಿದನೆಂದು ಮಾರ್ಕ, ಮತ್ತಾಯ, ಲೂಕರು ಬರೆದಿದ್ದಾರೆ. ಯೋಹಾನನ ಸುವಾರ್ತೆಯಲ್ಲಿ, ಆಲಯವನ್ನು ಕೆಡವಿದರೆ ಮೂರು ದಿನಗಳಲ್ಲಿ ಎಬ್ಬಿಸುವೆನೆಂಬ ಮಾತು ಬಂದೊಡನೆಯೇ, ಅವನು ತನ್ನ ದೇಹವನ್ನು ಕುರಿತು ಹಾಗೆಂದನೆಂದು ಗ್ರಂಥಕರ್ತನೇ ಅರ್ಥವನ್ನು ಬಿಡಿಸಿದ್ದಾನೆ. ಇಲ್ಲಿ ಗ್ರೀಕ್ ಭಾಷೆಯ ಎರಡು ಶಬ್ದಗಳನ್ನು ಗಮನಿಸಬೇಕು. ‘ಹಿಯೆರೋನ್’ ಎಂದರೆ ಪ್ರಾಕಾರ ಅಂಗಳಗಳೊಡಗೂಡಿದ ಇಡೀ ಗುಡಿ. ‘ನಾಓಸ್’ ಎಂದರೆ ವಿಶೇಷವಾಗಿ ಒಳಗಿನ ಗರ್ಭಗುಡಿ. ಕನ್ನಡಿಗರಿಗೆ ಈ ಭೇದವನ್ನು ವಿವರಿಸಬೇಕಾದ ಅಗತ್ಯವಿಲ್ಲ. ಯೇಸುವು ಹೊರಟುಬಂದದ್ದು ‘ಹಿಯೆರೋನ್’ನಿಂದ, ದೇಹವೆಂದು ಅರ್ಥಮಾಡಿದ್ದು ‘ನಾಓಸ್’ ಶಬ್ದಕ್ಕೆ. ಕೊರಿಂಥದ ಭಕ್ತಸಮೂಹಕ್ಕೆ ನೀವೇ ದೇವರ ಆಲಯವೆಂದು ಪೌಲನು ಬರೆದಾಗಲೂ ‘ನಾಓಸ್’ ಎಂದೇ ಬರೆದನು. ಅಧರ್ಮಪುರುಷನೊಬ್ಬನು ದೇವರ ಆಲಯದಲ್ಲಿ ಕುಳಿತು ತಾನೇ ದೇವರೆನ್ನುವನೆಂದು ಥೆಸಲೊನೀಕದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿರುವುದೂ ಅದೇ ಶಬ್ದ. ಹಾಗಾದರೆ ಆ ಕುಳಿತುಕೊಳ್ಳುವ ಸ್ಥಾನವು ಯೆರೂಸಲೇಮಿನ ಕಟ್ಟಡವೋ, ಕ್ರೈಸ್ತಸಭೆಯೋ? ಒಂದು ಶಬ್ದದ ಶಕ್ತಿಯನ್ನು ನಿರ್ಣಯಿಸಲಾರದೆ ಹದಿನೆಂಟು ಶತಮಾನಗಳ ವಿವಾದವು ಬೆಳೆದಿದೆ.

ಎರಡನೆಯ ಶತಮಾನದ ಐರೇನಿಯಸನು ಅದು ಯೆರೂಸಲೇಮಿನ ಆಲಯವೆಂದೇ ತಿಳಿದನು. ನಾಲ್ಕನೆಯ ಶತಮಾನದಲ್ಲಿ ಯೆರೂಸಲೇಮಿನ ಬಿಷಪನಾದ ಸಿರಿಲನೂ ತನ್ನ ಉಪನ್ಯಾಸಗಳಲ್ಲಿ, ಅದು ಯೆಹೂದ್ಯರ ಪಾಳುಬಿದ್ದ ಆಲಯವೇ, ನಾವು ಕುಳಿತಿರುವ ದೇವಮಂದಿರವಲ್ಲ ಎಂಬ ಅಭಿಪ್ರಾಯವನ್ನು ಸೂಚಿಸಿದನು. ಕ್ರಿಸೊಸ್ತಮನು ಅದಕ್ಕೆ ಸಭೆಯ ಅರ್ಥವನ್ನು ವಿಸ್ತರಿಸಿದನು. ಅಗಸ್ಟೀನನಾದರೋ ‘ದೇವನಗರ’ವೆಂಬ ತನ್ನ ಮಹಾಗ್ರಂಥದ ಇಪ್ಪತ್ತನೆಯ ಭಾಗದಲ್ಲಿ, ಸೊಲೊಮೋನನ ಆಲಯದ ಅವಶೇಷವೋ ಸಭೆಯೋ ನಿಶ್ಚಯವಿಲ್ಲವೆಂದು ಒಪ್ಪಿಕೊಂಡು, ಆಲಯದಲ್ಲಿ ಕುಳಿತುಕೊಳ್ಳುವನೆಂಬುದಕ್ಕೆ ತಾನೇ ಆಲಯವೆಂಬಂತೆ ಕುಳಿತುಕೊಳ್ಳುವನೆಂಬ ಮೂರನೆಯ ಅನ್ವಯವನ್ನೂ ಉಲ್ಲೇಖಿಸಿದನು. ನಿಶ್ಚಯವಿಲ್ಲದೆಡೆ ನಿಶ್ಚಯವಿಲ್ಲವೆನ್ನುವ ಧೈರ್ಯವು ಆತನ ಪಾಂಡಿತ್ಯಕ್ಕೆ ಭೂಷಣ. ದಾನಿಯೇಲನ ಎಪ್ಪತ್ತು ವಾರಗಳ ಲೆಕ್ಕದಲ್ಲಿ ಜೆರೋಮನೂ ಹೀಗೆಯೇ ಪೂರ್ವಾಚಾರ್ಯರ ಮತಗಳನ್ನು ಒಂದೊಂದಾಗಿ ಕೊಟ್ಟು ತೀರ್ಪನ್ನು ಓದುಗರಿಗೆ ಬಿಟ್ಟನು.

ಈ ನಡುವೆ ಒಂದು ವಿಚಿತ್ರ ಪ್ರಸಂಗವು ಒದಗಿತು. ಕ್ರೈಸ್ತಮತವನ್ನು ತ್ಯಜಿಸಿದ ರೋಮ್ ಚಕ್ರವರ್ತಿ ಜೂಲಿಯನನು ಕ್ರಿ. ಶ. ೩೬೩ರಲ್ಲಿ ಯೆರೂಸಲೇಮಿನ ಆಲಯವನ್ನು ಪುನಃ ಕಟ್ಟಿಸಲು ಆಜ್ಞಾಪಿಸಿ, ಅಂತಿಯೋಕ್ಯದ ಅಲಿಪಿಯಸನನ್ನು ಅದಕ್ಕೆ ನಿಯಮಿಸಿದನು. ಅಸ್ತಿಭಾರದ ಬಳಿಯಲ್ಲಿ ಬೆಂಕಿಯ ಉಂಡೆಗಳು ಮತ್ತೆ ಮತ್ತೆ ಎದ್ದು ಕೆಲಸಗಾರರನ್ನು ಸುಟ್ಟುದರಿಂದ ಕೆಲಸವು ನಿಂತಿತೆಂದು ಬರೆದವನು ಕ್ರೈಸ್ತನಲ್ಲ. ಚಕ್ರವರ್ತಿಯ ಸೈನ್ಯದಲ್ಲಿದ್ದ ಅಮ್ಮಿಯಾನಸನೆಂಬ ಇತಿಹಾಸಕಾರನು. ಅದೇ ವರ್ಷ ಆ ಪ್ರಾಂತದಲ್ಲಿ ಭೂಕಂಪವಾಗಿತ್ತಾದುದರಿಂದ ಆಧುನಿಕರು ಇದಕ್ಕೆ ಪ್ರಾಕೃತಿಕ ಕಾರಣವನ್ನು ಊಹಿಸುವರು. ಚಕ್ರವರ್ತಿಯು ಅದೇ ವರ್ಷ ಪಾರಸಿಕರ ಯುದ್ಧದಲ್ಲಿ ಮಡಿದನು. ಕ್ರಿಸೊಸ್ತಮನೇ ಮೊದಲಾದವರು ಈ ವೈಫಲ್ಯವನ್ನು, ಆಲಯವು ಇನ್ನೆಂದಿಗೂ ಏಳದು ಎಂಬುದಕ್ಕೆ ಪ್ರತ್ಯಕ್ಷ ಪ್ರಮಾಣವಾಗಿ ಬಳಸಿದರು. ಆದರೆ ಸಿರಿಲನ ಸ್ಥಿತಿಯು ವಿಚಾರಾರ್ಹವಾಗಿದೆ. ಅಧರ್ಮಪುರುಷನು ಆಲಯವನ್ನು ಕಟ್ಟಿಸುವವನಂತೆ ಬರುವನೆಂದು ಸುಮಾರು ೩೫೦ರಲ್ಲಿ ಬೋಧಿಸಿದ್ದವನು ಆತನೇ. ಜೂಲಿಯನನ ಕೆಲಸವು ಮುರಿದುಬೀಳುವುದೆಂದು ಮುಂದಾಗಿ ನುಡಿದನೆಂದು ಚರ್ಚಿನ ಇತಿಹಾಸಕಾರನಾದ ಸಾಕ್ರಟೀಸನು ಹೇಳುವುದೂ ಆತನನ್ನು ಕುರಿತೇ. ಆಲಯವು ಏಳಬೇಕೆಂಬ ಭವಿಷ್ಯವೂ ಏಳಬಾರದೆಂಬ ಭವಿಷ್ಯವೂ ಒಬ್ಬನ ಬಾಯಲ್ಲಿಯೇ ಕೂಡಿದವು.

ಈ ಪ್ರಮಾಣದ ದುಷ್ಫಲವನ್ನೂ ಹೇಳಬೇಕು. ಪಾಳುಬಿದ್ದ ಆಲಯವನ್ನು ತೋರಿಸಿ, ದೇವರು ಯೆಹೂದ್ಯರನ್ನು ತ್ಯಜಿಸಿದನೆಂದು ಶತಮಾನಗಳ ಕಾಲ ಬೋಧಿಸಲಾಯಿತು. ಯೂರೋಪಿನಲ್ಲಿ ಆ ಜನರು ಅನುಭವಿಸಿದ ಅವಮಾನ ಹಿಂಸೆಗಳಿಗೆ ಈ ಬೋಧೆಯೂ ಆಧಾರವಾಯಿತು. ಯೆಹೂದ್ಯರನ್ನು ದೇವರು ತಿರಸ್ಕರಿಸಿದ ಅಥವಾ ಶಪಿಸಿದ ಜನರೆಂದು ನಿರೂಪಿಸಕೂಡದೆಂದು ರೋಮನ್ ಕ್ಯಾಥೊಲಿಕ್ ಮಹಾಸಭೆಯು ೧೯೬೫ರಲ್ಲಿ ಘೋಷಿಸಿತು.

ಹದಿನಾರನೆಯ ಶತಮಾನದ ಸುಧಾರಕರು ಆಲಯವೆಂದರೆ ಸಭೆ, ಅದರಲ್ಲಿ ಕುಳಿತವನು ಪೋಪನೆಂದು ಅರ್ಥಮಾಡಿದರು. ವಿರೋಧಿಯನ್ನು ಗುರಿಯಾಗಿಟ್ಟು ಹೊರಟ ವ್ಯಾಖ್ಯಾನದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಅದೇ ಕಾಲದಲ್ಲಿ ಸ್ಪೇನ್ ದೇಶದ ಜೆಸುಯಿಟ್ ಪಂಡಿತನಾದ ವಿಲ್ಲಾಲ್ಪಾಂಡೋ ಎಂಬವನು ಯೆಹೆಜ್ಕೇಲನು ಕಂಡದ್ದು ಸೊಲೊಮೋನನ ಆಲಯವನ್ನೇ ಎಂದು ನಂಬಿ, ಅದರ ಭವ್ಯವಾದ ನಕ್ಷೆಗಳನ್ನು ಬರೆಯಿಸಿ ರೋಮಿನಲ್ಲಿ ಮೂರು ದೊಡ್ಡ ಸಂಪುಟಗಳಾಗಿ ಪ್ರಕಟಿಸಿದನು. ಭೌತವಿಜ್ಞಾನಿ ನ್ಯೂಟನ್ನನೂ ಈ ಆಲಯದ ಅಳತೆಗಳಲ್ಲಿ ತಲೆಹಾಕಿದ್ದನು. ಆತನ ಮರಣಾನಂತರ ೧೭೨೮ರಲ್ಲಿ ಪ್ರಕಟವಾದ ಕಾಲಗಣನೆಯ ಗ್ರಂಥದಲ್ಲಿ ಅದಕ್ಕಾಗಿಯೇ ಒಂದು ಅಧ್ಯಾಯವಿದೆ.

ಇಂದಿನ ವಿವಾದಕ್ಕೆ ಮುಖ್ಯ ಕಾರಣನು ಜಾನ್ ನೆಲ್ಸನ್ ಡಾರ್ಬಿ (೧೮೦೦–೧೮೮೨). ಇಸ್ರಾಯೇಲಿಗೆ ಕೊಟ್ಟ ವಾಗ್ದಾನವು ಇಸ್ರಾಯೇಲಿಗೇ ನೆರವೇರಬೇಕು, ಸಭೆಗೆ ಅದನ್ನು ವರ್ಗಾಯಿಸಕೂಡದು ಎಂಬುದು ಆತನ ಮೂಲತತ್ತ್ವ. ದಾನಿಯೇಲನ ಅರುವತ್ತೊಂಬತ್ತನೆಯ ವಾರಕ್ಕೂ ಎಪ್ಪತ್ತನೆಯದಕ್ಕೂ ನಡುವೆ ಸಭೆಯ ಯುಗವೆಲ್ಲವೂ ಅಡಗಿದೆಯೆಂದೂ, ಕಡೆಯ ವಾರದಲ್ಲಿ ಒಂದು ಆಲಯವು ಎದ್ದು ಅಪವಿತ್ರವಾಗುವುದೆಂದೂ, ಕ್ರಿಸ್ತನ ಪುನರಾಗಮನದ ಬಳಿಕ ಸಾವಿರ ವರ್ಷಗಳ ರಾಜ್ಯದಲ್ಲಿ ಯೆಹೆಜ್ಕೇಲನ ಆಲಯವು ಅಕ್ಷರಶಃ ನಿಲ್ಲುವುದೆಂದೂ ಈ ಪಂಥದವರ ಮತ. ೧೯೦೯ರಲ್ಲಿ ಹೊರಬಂದ ಸ್ಕೋಫೀಲ್ಡನ ಟಿಪ್ಪಣಿಸಹಿತ ಬೈಬಲ್ಲು ಈ ಮತವನ್ನು ಅಮೆರಿಕೆಯಲ್ಲಿ ಮನೆಮನೆಗೆ ಮುಟ್ಟಿಸಿತು.

ಇಲ್ಲಿಯೇ ಗಂಟು ಬಿಗಿಯುವುದು. ಆ ಆಲಯದಲ್ಲಿ ಪ್ರಾಯಶ್ಚಿತ್ತಕ್ಕಾಗಿ ಪಶುಬಲಿಗಳು ನಡೆಯಬೇಕೆಂದು ೪೫ನೆಯ ಅಧ್ಯಾಯವು ಸ್ಪಷ್ಟವಾಗಿ ವಿಧಿಸುತ್ತದೆ. ಕ್ರಿಸ್ತನ ಬಲಿಯು ಒಂದೇ ಸಾರಿ ಎಲ್ಲ ಕಾಲಕ್ಕೂ ಆಯಿತು, ಹೋರಿ ಹೋತಗಳ ರಕ್ತವು ಪಾಪವನ್ನು ತೆಗೆಯಲಾರದು ಎಂಬುದು ಇಬ್ರಿಯರಿಗೆ ಬರೆದ ಪತ್ರಿಕೆಯ ಪ್ರತಿಪಾದ್ಯ. ಸ್ಕೋಫೀಲ್ಡನು ಈ ಬಲಿಗಳು ಕೇವಲ ಸ್ಮರಣಾರ್ಥವೆಂದನು. ಆದರೆ ಯೆಹೆಜ್ಕೇಲನು ಪ್ರಯೋಗಿಸಿರುವುದು ಸ್ಮರಣಾರ್ಥಕವಾದ ಶಬ್ದವನ್ನಲ್ಲ. ಯಾಜಕಕಾಂಡದಲ್ಲಿ ಪ್ರಾಯಶ್ಚಿತ್ತಕ್ಕೆ ಬರುವ ‘ಕಿಪ್ಪೆರ್’ ಎಂಬ ಇಬ್ರಿಯ ಧಾತುರೂಪವನ್ನೇ. ಎಂದಮೇಲೆ, ಎಲ್ಲೆಡೆ ಅಭಿಧೆಯನ್ನೇ ಹಿಡಿಯಬೇಕೆಂದು ಹಟತೊಟ್ಟ ಪಕ್ಷವು ಪ್ರಕರಣದ ಹೃದಯಸ್ಥಾನದಲ್ಲಿ ಲಕ್ಷಣೆಗೆ ಶರಣುಹೋಗಿದೆ. ಆ ಬೈಬಲ್ಲಿನ ೧೯೬೭ರ ಪರಿಷ್ಕೃತ ಮುದ್ರಣವು, ಬಲಿಗಳನ್ನು ಅಕ್ಷರಶಃ ತೆಗೆದುಕೊಳ್ಳಬೇಕಾಗಿಲ್ಲವೆಂಬ ಇನ್ನೊಂದು ಸಮಾಧಾನವನ್ನೂ ಪಕ್ಕದಲ್ಲಿಟ್ಟಿತು. ಬಲಿಯನ್ನು ಬಿಟ್ಟ ಮೇಲೆ ಬಲಿಪೀಠದ ಮೊಳಗಳನ್ನು ಹಿಡಿದಿರುವುದೇಕೆ?

ಎದುರುಪಕ್ಷವೂ ನಿರಾಯಾಸವಾಗಿಲ್ಲ. ಲಕ್ಷಣೆಗೆ ಮುಖ್ಯಾರ್ಥಬಾಧ, ಅದರೊಡನೆ ಸಂಬಂಧ, ರೂಢಿ ಅಥವಾ ಪ್ರಯೋಜನ ಎಂಬ ಮೂರು ಹೇತುಗಳನ್ನು ಮಮ್ಮಟನು ಹೇಳಿದ್ದಾನೆ. ಗಂಗೆಯಲ್ಲಿ ಗೊಲ್ಲರ ಹಳ್ಳಿಯೆಂದಾಗ ಪ್ರವಾಹದಲ್ಲಿ ಮನೆಗಳು ನಿಲ್ಲಲಾರವಾದುದರಿಂದ ತೀರವೆಂಬ ಅರ್ಥವು ಬರುತ್ತದೆ. ಯೆಹೆಜ್ಕೇಲನ ಆಲಯದ ವಾಚ್ಯಾರ್ಥಕ್ಕೆ ಬಾಧಕವಾವುದು? ಹೊಸ್ತಿಲಿನಿಂದ ಹೊರಟು ಉಪನದಿಯಿಲ್ಲದೆ ಹಿಗ್ಗುವ ಹೊಳೆಯು ಬಾಧಕವೆನ್ನಬಹುದು. ಬಾಗಿಲ ಕಂಬದ ಅಳತೆಯು ಬಾಧಕವಲ್ಲ. ಸಭೆಯೇ ಲಕ್ಷ್ಯಾರ್ಥವೆಂದು ಒಪ್ಪಿದರೂ ಅಡಿಗೆಯ ಕೋಣೆಗಳಿಗೂ, ದೇಶದಲ್ಲಿ ನೆಲಸಿದ ಪರದೇಶಿಗೂ ಭೂಮಿಯ ಪಾಲು ಕೊಡಬೇಕೆಂಬ ವಿಧಿಗೂ ಪ್ರತ್ಯೇಕವಾದ ಆಧ್ಯಾತ್ಮಿಕಾರ್ಥವನ್ನು ಹುಡುಕುತ್ತ ಹೋದರೆ ಅದಕ್ಕೆ ಮೇರೆಯಿಲ್ಲ. ಮೊಳಗಳೆಲ್ಲ ಅರ್ಥವಾದ, ವ್ಯವಸ್ಥೆಯ ಪಾವಿತ್ರ್ಯವನ್ನು ಸ್ತುತಿಸುವುದಕ್ಕಾಗಿ ಬಂದವು ಎನ್ನುವುದು ಲೇಸು. ಪರದೇಶಿಯ ಪಾಲನ್ನು ಕುರಿತ ವಾಕ್ಯವು ಮಾತ್ರ ವಿಧಿಯಾಗಿಯೇ ಉಳಿಯಬೇಕೆಂದು ನನ್ನ ಮತ.

ವಿವಾದವು ಪುಸ್ತಕದೊಳಗೇ ನಿಂತಿದ್ದರೆ ಪಂಡಿತರ ಕಾಲಕ್ಷೇಪವೆನ್ನಬಹುದಾಗಿತ್ತು. ಆ ಬೆಟ್ಟದ ಮೇಲೆ ಏಳನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಬಂಡೆಯ ಗುಮ್ಮಟವೂ ಅಲ್-ಅಕ್ಸಾ ಮಸೀದಿಯೂ ಇವೆ. ಮುಸಲ್ಮಾನರಿಗೆ ಅದು ಪರಮಪವಿತ್ರ ಸ್ಥಾನಗಳಲ್ಲೊಂದು. ೧೯೬೭ರ ಯುದ್ಧದಲ್ಲಿ ಹಳೆಯ ಪಟ್ಟಣವು ಇಸ್ರೇಲಿನ ವಶವಾದ ಮೇಲೆ ಡಾರ್ಬಿಯ ಅನುಯಾಯಿಗಳಲ್ಲಿ ಅನೇಕರು ಕಡೆಯ ವಾರವು ಸಮೀಪಿಸಿತೆಂದು ಬಗೆದರು. ಆಲಯದ ಪಾತ್ರೆ ವಸ್ತ್ರಗಳನ್ನು ಸಿದ್ಧಪಡಿಸುವ ಯೆಹೂದ್ಯ ಸಂಸ್ಥೆಯೊಂದು ೧೯೮೭ರಲ್ಲಿ ಅಲ್ಲಿ ಸ್ಥಾಪಿತವಾಯಿತು. ಅಕ್ಷರಾರ್ಥವನ್ನು ಹಿಡಿದ ಕ್ರೈಸ್ತರ ಸ್ನೇಹದಲ್ಲಿಯೂ ಒಂದು ಮುಳ್ಳಿದೆ: ಅವರ ಲೆಕ್ಕದಂತೆ ಮೊದಲು ಏಳುವ ಆಲಯವು ಅಧರ್ಮಪುರುಷನು ಕುಳಿತುಕೊಳ್ಳುವ ಪೀಠ, ಆಲಯವನ್ನು ಕಟ್ಟಲೆಳಸುವ ಯೆಹೂದ್ಯನಿಗೆ ಅದು ದೇವರ ಮನೆ.

ಪ್ರಕಟನೆಯ ಗ್ರಂಥವನ್ನು ಬರೆದ ಯೋಹಾನನು ಯೆಹೆಜ್ಕೇಲನಿಂದ ಅಳತೆಯ ಕೋಲನ್ನೂ, ಎತ್ತರವಾದ ಬೆಟ್ಟವನ್ನೂ, ಹೊಳೆಯನ್ನೂ, ಅದರ ದಡದಲ್ಲಿ ರೋಗಹರವಾದ ಎಲೆಗಳ ಮರಗಳನ್ನೂ ತೆಗೆದುಕೊಂಡು ತನ್ನ ಹೊಸ ಯೆರೂಸಲೇಮನ್ನು ಚಿತ್ರಿಸಿದ್ದಾನೆ. ಆಲಯವನ್ನು ಮಾತ್ರ ತೆಗೆದುಕೊಳ್ಳಲಿಲ್ಲ. ಆ ಪಟ್ಟಣದಲ್ಲಿ ಆಲಯವನ್ನು ಕಾಣಲಿಲ್ಲವೆಂದೇ ಹೇಳಿದ್ದಾನೆ. ಇದು ಯೆಹೆಜ್ಕೇಲನಿಗೆ ಬರೆದ ಭಾಷ್ಯವೆಂದು ಒಂದು ಪಕ್ಷದವರೂ, ಸಾವಿರ ವರ್ಷಗಳು ಕಳೆದ ಬಳಿಕ ಬರುವ ಬೇರೆ ಕಾಲದ ವರ್ಣನೆಯೆಂದು ಇನ್ನೊಂದು ಪಕ್ಷದವರೂ ಹೇಳುವರು. ಹೊಳೆಯು ಮಾತ್ರ ಯೆಹೆಜ್ಕೇಲನಲ್ಲಿ ಹೊಸ್ತಿಲಿನಿಂದ, ಯೋಹಾನನಲ್ಲಿ ಸಿಂಹಾಸನದಿಂದ ಹೊರಡುತ್ತದೆ.